ಕಾಸರಗೋಡಿನ ಹಿತ್ತಿಲಲ್ಲಿ ಸಸಿ ಮಾಡಲು ಯಾವುದು ಸರಿ: ಮುಚ್ಚಳದ ಪೆಟ್ಟಿಗೆಯೋ, ಪ್ರೋಟ್ರೇಯೋ, ತೆಂಗಿನ ಗೆರಟೆಯೋ?

ವಿಷುವಿಗೆ ಊರಿಗೆ ಬಂದ ತಮ್ಮ ಬೆಂಗಳೂರಿನಿಂದ ಒಂದು ಪೆಟ್ಟಿಗೆ ಹೊತ್ತು ತಂದಿದ್ದ. ಅಡಿಯಲ್ಲಿ ಕರೆಂಟಿನಿಂದ ಬೆಚ್ಚಗಾಗುವ ಚಾಪೆ, ಅದರ ಮೇಲೆ ಕಪ್ಪು ಟ್ರೇ, ಟ್ರೇಗೆ ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ ಮುಚ್ಚಳ, ಮುಚ್ಚಳದ ನೆತ್ತಿಯಲ್ಲಿ ತಿರುಗಿಸಿ ತೆರೆಯುವ ಎರಡು ಕಿಂಡಿ. "ಅಕ್ಕಾ, ಇದಕ್ಕೆ ಪ್ರೊಪಗೇಟರ್ ಅಂತಾರೆ. ಬೀಜ ಹಾಕಿ ಮುಚ್ಚಿಟ್ಟರೆ ಆಯ್ತು, ಮತ್ತೆ ನೋಡುವುದೇ ಬೇಡ" ಅಂದ. ನಾನೂ ನಂಬಿದೆ. ಟೊಮೆಟೊ, ಬದನೆ ಬೀಜ ಹಾಕಿ ಅಂಗಳದಲ್ಲಿ ಬಿಸಿಲು ಚೆನ್ನಾಗಿ ಬೀಳುವ ಮೂಲೆಯಲ್ಲಿಟ್ಟೆ. ಆರನೇ ದಿನಕ್ಕೆ ಟೊಮೆಟೊ ತಲೆ ಎತ್ತಿತು. ಎಂಟನೇ ದಿನ ಮಧ್ಯಾಹ್ನ ಊಟ ಮುಗಿಸಿ ಬಂದು ಮುಚ್ಚಳ ಎತ್ತಿದರೆ ಕನ್ನಡಕಕ್ಕೆ ಹಬೆ ಕೂತು ಏನೂ ಕಾಣಲಿಲ್ಲ. ಒರೆಸಿಕೊಂಡು ನೋಡಿದರೆ ಸಸಿಗಳೆಲ್ಲ ಬೇಯಿಸಿದ ಹರಿವೆ ಸೊಪ್ಪಿನ ಹಾಗೆ ಮಲಗಿದ್ದವು. ಚಾಪೆಯ ಪ್ಲಗ್ಗನ್ನು ನಾನು ಹಾಕಿಯೂ ಇರಲಿಲ್ಲ!

ಪೆಟ್ಟಿಗೆಯದ್ದೇನೂ ತಪ್ಪಿಲ್ಲ. ಅದು ಹುಟ್ಟಿದ ಊರು ಬೇರೆ. ಮಾರ್ಚಿನಲ್ಲಿ ಲಂಡನ್ನಿನ ರಾತ್ರಿ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಟೊಮೆಟೊ, ಮೆಣಸಿನ ಬೀಜ ಚುರುಕಾಗಿ ಮೊಳೆಯಲು 25ರಿಂದ 30 ಡಿಗ್ರಿ ಬೇಕು. ಅಲ್ಲಿಯವರಿಗೆ ಆ ಬಿಸಿಯನ್ನು ಕರೆಂಟಿನಿಂದ ಕೊಂಡು, ಮುಚ್ಚಳ ಹಾಕಿ ಹಿಡಿದಿಟ್ಟುಕೊಳ್ಳುವುದು ಅನಿವಾರ್ಯ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಧನುರ್ಮಾಸದ ಚಳಿಯಲ್ಲೂ ರಾತ್ರಿ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬೀಜಕ್ಕೆ ಬೇಕಾದ ಬಿಸಿ ನಮಗೆ ಪುಕ್ಕಟೆ ಸಿಗುತ್ತದೆ. ನಾವು ಹಣ ಹಾಕಬೇಕಾದ್ದು ಎರಡಕ್ಕೇ: ಬೇಸಗೆಯಲ್ಲಿ ನೆರಳಿಗೆ, ಮಳೆಗಾಲದಲ್ಲಿ ಸೂರಿಗೆ. ಕೊಳ್ಳುವ ಸಾಮಾನು ಯಾವುದೇ ಇರಲಿ, ಈ ಎರಡರಲ್ಲಿ ಯಾವುದಕ್ಕೆ ಉಪಯೋಗ ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಬಿಸಿ ಚಾಪೆ

ಬೇಡ. ಅಷ್ಟೇ. ಕಾಳಿನಷ್ಟು ಚಿಕ್ಕ ಗಾಂಧಾರಿ ಮೆಣಸಿನ ಬೀಜವೊಂದು ಡಿಸೆಂಬರ್–ಜನವರಿಯಲ್ಲಿ ಸತಾಯಿಸುತ್ತದೆ, ಎರಡು ಮೂರು ವಾರ ಹಿಡಿಯುತ್ತದೆ, ನಿಜ. ಅದಕ್ಕೆ ಟ್ರೇಯನ್ನು ರಾತ್ರಿ ಅಡಿಗೆಮನೆಯ ಒಲೆಕಟ್ಟೆಯ ಹತ್ತಿರ ಇಟ್ಟರಾಯಿತು. ತಮ್ಮನ ಚಾಪೆ ಈಗ ನಮ್ಮಲ್ಲಿ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಮೊಸರು ಹೆಪ್ಪುಗಟ್ಟದಿದ್ದಾಗ ಪಾತ್ರೆಯ ಅಡಿಗೆ ಹೋಗುತ್ತದೆ. ಆ ಕೆಲಸಕ್ಕೆ ಒಳ್ಳೆಯದೇ.

ಮುಚ್ಚಳದ ಪೆಟ್ಟಿಗೆ

ಮುಚ್ಚಳ ಎರಡು ಕೆಲಸ ಮಾಡುತ್ತದೆ: ಪಸೆ ಹಿಡಿದಿಡುತ್ತದೆ, ಗಾಳಿ ತಡೆಯುತ್ತದೆ. ಮೊದಲನೆಯದು ಬೀಜ ಒಡೆಯುವ ತನಕ ಬೇಕು. ಎರಡನೆಯದು ಸಸಿ ಮೇಲೆ ಬಂದ ಮರುಕ್ಷಣದಿಂದ ಕೇಡು. ಗಾಳಿಯಾಡದ ಒದ್ದೆಯಲ್ಲಿ ಸಸಿಯ ಬುಡ ಮಣ್ಣಿನ ಮಟ್ಟದಲ್ಲಿ ದಾರದಷ್ಟು ಸಪೂರವಾಗಿ, ನೀರು ತುಂಬಿಕೊಂಡಂತಾಗಿ, ಎಲೆ ಇನ್ನೂ ಹಸಿರಿರುವಾಗಲೇ ಸಸಿ ಅಡ್ಡ ಬೀಳುತ್ತದೆ. ಇದು ಬುಡ ಕೊಳೆಯುವ ರೋಗ. ಹೆಚ್ಚಾಗಿ ತರುವುದು ಪಿಥಿಯಂ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ. ಅಡಿಕೆ ತೋಟದವರಿಗೆ ಇದರ ಪರಿಚಯ ಬೇರೆ ಹೇಳಬೇಕಿಲ್ಲ, ಕೊಳೆರೋಗ ತರುವ ಫೈಟೋಫ್ತೊರದ ದಾಯಾದಿ ಇದು. ಅದಕ್ಕೆ ಏನೇನು ಇಷ್ಟವೋ ಇದಕ್ಕೂ ಅದೇ ಇಷ್ಟ: ಎಡೆಬಿಡದ ಮಳೆ, ನಿಂತ ನೀರು, ಮೋಡ.

ಆದ್ದರಿಂದ ಮುಚ್ಚಳದ ಪೆಟ್ಟಿಗೆ ಕೊಂಡವರು ಮೂರು ವಿಷಯ ನೆನಪಿಡಬೇಕು. ಇಡುವುದು ನೆರಳಿನಲ್ಲಿ, ಜಗಲಿಯಲ್ಲೋ ಮಾಡಿನ ಅಡಿಯಲ್ಲೋ. ನೇರ ಬಿಸಿಲು ಅದಕ್ಕೆ ಸೋಕಲೇಬಾರದು. ನೂರರಲ್ಲಿ ಹತ್ತು ಬೀಜ ಬಗ್ಗಿದ ಕತ್ತು ತೋರಿಸಿದ ದಿನವೇ ಮುಚ್ಚಳ ತೆಗೆಯಬೇಕು; ಉಳಿದ ತೊಂಬತ್ತಕ್ಕಾಗಿ ಕಾಯಬಾರದು, ಅವು ಮುಚ್ಚಳವಿಲ್ಲದೆಯೂ ಬರುತ್ತವೆ. ಜೂನ್–ಜುಲೈಯಲ್ಲಿ ಮುಚ್ಚಳ ಹಾಕಲೇಬಾರದು, ಹೊರಗಿನ ಗಾಳಿಯೇ ಆಗ ಒದ್ದೆ ಬಟ್ಟೆಯಂತಿರುತ್ತದೆ.

ಹಾಗಾದರೆ ಅದು ದಂಡವೇ? ಅಲ್ಲ. ನನ್ನ ಪೆಟ್ಟಿಗೆಯ ಮುಚ್ಚಳಕ್ಕೆ ಈಗ ಒಳ್ಳೆಮೆಣಸಿನ (ಕಾಳುಮೆಣಸಿನ) ಕೆಲಸ ಸಿಕ್ಕಿದೆ. ಫೆಬ್ರವರಿ–ಮಾರ್ಚಿನಲ್ಲಿ ಬಳ್ಳಿಯ ಬುಡದಿಂದ ನೆಲದ ಮೇಲೆ ಹರಿದ ಕುಡಿಗಳನ್ನು ಎರಡು ಮೂರು ಗೆಣ್ಣಿನ ತುಂಡು ಮಾಡಿ ನೆಟ್ಟಾಗ, ಬೇರೇ ಇಲ್ಲದ ಆ ತುಂಡು ಬಾಡದೆ ಉಳಿಯಲು ಸುತ್ತ ಪಸೆ ಬೇಕೇ ಬೇಕು. ಅಲ್ಲಿ ಮುಚ್ಚಳ ತನ್ನ ಬೆಲೆ ತೀರಿಸುತ್ತದೆ. ಬೀಜಕ್ಕೆಂದು ಮಾತ್ರ ಅದನ್ನು ಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ.

ಪ್ರೋಟ್ರೇ

ನನ್ನ ಮತ ಇದಕ್ಕೆ. 98 ಗುಳಿಯ ತೆಳು ಕಪ್ಪು ಟ್ರೇ, ಸುಮಾರು 54 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ಹೋಟೆಲಿನ ಒಂದು ಊಟಕ್ಕಿಂತ ಕಡಿಮೆಗೆ ಸಿಗುತ್ತದೆ. ಒಂದು ಗುಳಿಗೆ ಒಂದೇ ಬೀಜ. ಒಂದಕ್ಕೆ ರೋಗ ಬಂದರೂ ಪಕ್ಕದ ಗುಳಿಗೆ ಬೇಗ ದಾಟುವುದಿಲ್ಲ, ಕೀಳುವಾಗ ಬೇರು ಹರಿಯುವುದಿಲ್ಲ. ಸಸಿಯ ಕುತ್ತಿಗೆ ಹಿಡಿದೆಳೆಯದೆ ಗುಳಿಯ ಅಡಿಯ ತೂತಿನಿಂದ ಒಂದು ಕಡ್ಡಿ ತೂರಿಸಿ ಒತ್ತಿದರೆ ಬೇರಿನ ಗೊಂಡೆ ಸಮೇತ ಇಡೀ ಸಸಿ ಮೇಲೆ ಬರುತ್ತದೆ. ಬದನೆ, ಮೆಣಸು, ಟೊಮೆಟೊ, ಕ್ಯಾಬೇಜು, ಹೂಕೋಸಿಗೆ 98 ಗುಳಿಯದು ಸಾಕು. ಹಾಗಲ, ಹೀರೆ, ಪಡುವಲ, ಮುಳ್ಳುಸೌತೆಗೆ ಈ ಗುಳಿ ಇಕ್ಕಟ್ಟು. 50 ಗುಳಿಯದು ತೆಗೆದುಕೊಳ್ಳಿ, ಇಲ್ಲವೇ ಮುಂದೆ ಹೇಳುವ ಗೆರಟೆಗೆ ಹೋಗಿ.

ಟ್ರೇ ಕೊಳ್ಳುವಾಗ ಬೆರಳಿನಿಂದ ಅಂಚನ್ನು ಮಡಚಿ ನೋಡಿ. ಚಕ್ಕನೆ ಬಿಳಿ ಗೆರೆ ಬಿದ್ದರೆ ಅದು ಎರಡು ಬೆಳೆಗೆ ಸೀಳುತ್ತದೆ. ಸ್ವಲ್ಪ ದಪ್ಪದ್ದು ನಾಲ್ಕೈದು ಸಲಕ್ಕೆ ಬರುತ್ತದೆ.

ಒಳಗೆ ತುಂಬಲು ಕೋಕೋಪೀಟು, ಅಂದರೆ ತೆಂಗಿನ ಸಿಪ್ಪೆಯ ಹುಡಿ. ಇಲ್ಲೊಂದು ತಮಾಷೆ ಇದೆ. ನಮ್ಮ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಶುರುವಾದದ್ದು 1916ರಲ್ಲಿ, ಅದೇ ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ. ನೂರು ವರ್ಷದಿಂದ ತೆಂಗಿನ ಮೇಲೆ ವಿಜ್ಞಾನಿಗಳ ಕಣ್ಣಿರುವ ಊರು. ನಮ್ಮ ಸಿಪ್ಪೆಯನ್ನು ಬಚ್ಚಲೊಲೆಗೆ ತುರುಕಿ, ಹುಡಿಯ ಇಟ್ಟಿಗೆಯನ್ನು ಮಾತ್ರ ತಮಿಳುನಾಡಿನ ವಿಳಾಸ ಹೊತ್ತ ಪ್ಲಾಸ್ಟಿಕ್ಕಿನಲ್ಲಿ ಕೊಂಡು ತರುತ್ತೇವೆ.

ಹಸಿ ಹುಡಿಯನ್ನು ಹಾಗೇ ಬಳಸಬೇಡಿ. ಅದರಲ್ಲಿ ಒಗರು, ಉಪ್ಪು ಎರಡೂ ಇರುತ್ತದೆ. ಸಸಿಯ ಎಲೆಯಂಚು ಕರಕಲಾಗುವುದು ಇದರಿಂದಲೇ. ಇಟ್ಟಿಗೆಯನ್ನು ನೀರಲ್ಲಿ ಅರಳಿಸಿ, ಗೋಣಿಯಲ್ಲಿ ತುಂಬಿ, ಎರಡು ಮೂರು ಸಲ ನೀರು ಹೊಯ್ದು ಬಸಿಯಬೇಕು. ಮೊದಲ ಸಲ ಚಹಾದ ಡಿಕಾಕ್ಷನ್ನಿನಂಥ ನೀರು ಇಳಿಯುತ್ತದೆ, ಮೂರನೆಯ ಸಲಕ್ಕೆ ತಿಳಿಯಾಗುತ್ತದೆ. ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಿಂದ ಒಂದೆರಡು ಹನಿ ಬಿದ್ದರೆ ಹದ. ಧಾರೆ ಇಳಿದರೆ ಇನ್ನೂ ಬಸಿಯಲು ಬಿಡಿ. ಹೀಗೆ ತೊಳೆದ ಹುಡಿ ಮೂರು ಪಾಲು, ಎರೆಗೊಬ್ಬರ ಒಂದು ಪಾಲು, ಜೊತೆಗೆ ಒಂದಿಷ್ಟು ಟ್ರೈಕೋಡರ್ಮಾ, ಅಂದರೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ. ಟ್ರೈಕೋಡರ್ಮಾ ಹಾಕಿದ ಟ್ರೇಗೆ ಅಡಿಕೆಗೆ ಬಿಟ್ಟು ಉಳಿದ ಬೋರ್ಡೋ ದ್ರಾವಣ ಚಿಮುಕಿಸುವ ಮನಸ್ಸು ಮಾಡಬೇಡಿ. ಅದರಲ್ಲಿರುವ ತಾಮ್ರ ಕೆಟ್ಟ ಶಿಲೀಂಧ್ರದ ಜೊತೆ ಒಳ್ಳೆಯದನ್ನೂ ಕೊಲ್ಲುತ್ತದೆ.

ಬೀಜ ಹಾಕಿ, ತುಂಬಿದ ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನಿಂದ ಪ್ಲಾಸ್ಟಿಕ್ ಹಾಳೆ ಹೊದೆಸಿ ನೆರಳಲ್ಲಿ ಐದಾರು ದಿನ ಇಡುವುದು ನರ್ಸರಿಯವರ ರೂಢಿ. ದುಬಾರಿ ಮುಚ್ಚಳ ಮಾಡುವ ಕೆಲಸವನ್ನೇ ಇದು ಕಾಸು ಖರ್ಚಿಲ್ಲದೆ ಮಾಡುತ್ತದೆ. ನಾಲ್ಕನೇ ದಿನದಿಂದ ದಿನಾ ಬೆಳಿಗ್ಗೆ ಇಣುಕಿ ನೋಡಬೇಕು. ಮೊದಲ ಮೊಳಕೆ ಕಂಡೊಡನೆ ಪೇರಿಸಿದ್ದನ್ನು ಬಿಡಿಸಿ ಬೆಳಕಿಗೆ ತರಬೇಕು. ಒಂದು ದಿನ ತಡವಾದರೂ ಸಸಿ ಬಿಳಿ ನೂಲಿನಂತೆ ಉದ್ದವಾಗುತ್ತದೆ, ಆಮೇಲೆ ಅದನ್ನು ದಪ್ಪ ಮಾಡಲು ಆಗದು.

ಕೋಕೋಪೀಟಿನಲ್ಲಿ ಸಾರವಿಲ್ಲ. ಎರಡು ಬೀಜದೆಲೆ ಕಳೆದು ನಿಜವಾದ ಎಲೆ ಬಂದ ಮೇಲೆ ಹತ್ತು ಪಟ್ಟು ನೀರು ಬೆರೆಸಿದ ಗೋಮೂತ್ರವನ್ನೋ, ಲೀಟರಿಗೆ 2–3 ಗ್ರಾಂ ಲೆಕ್ಕದಲ್ಲಿ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನ) ಗೊಬ್ಬರವನ್ನೋ ವಾರಕ್ಕೊಮ್ಮೆ ಕೊಡಿ. ಟೊಮೆಟೊ 25 ದಿನಕ್ಕೆ, ಬದನೆ ತಿಂಗಳಿಗೆ, ಮೆಣಸು 35–40 ದಿನಕ್ಕೆ ನೆಡಲು ತಯಾರು.

ಟ್ರೇ ನೆಲದ ಮೇಲೆ ಇಟ್ಟರೆ ಬೇರು ತೂತಿನಿಂದ ಮಣ್ಣಿಗಿಳಿಯುತ್ತದೆ, ಬಸವನಹುಳು ಹತ್ತುತ್ತದೆ, ಕೋಳಿ ಕೆದಕುತ್ತದೆ. ಅಡಿಕೆ ದಬ್ಬೆಯ ಒಂದು ಅಟ್ಟಣಿಗೆ ಸೊಂಟದೆತ್ತರಕ್ಕೆ ಕಟ್ಟಿಕೊಳ್ಳಿ. ಇರುವೆಗೆಂದು ಅದರ ನಾಲ್ಕು ಕಾಲನ್ನೂ ನೀರು ತುಂಬಿದ ಗೆರಟೆಯಲ್ಲಿ ಇಡುವುದು ಹಳೇ ಉಪಾಯ. ನಾನೂ ಹಾಗೇ ಇಟ್ಟಿದ್ದೆ. ಡೆಂಗೀ ಸಮಯದಲ್ಲಿ ಮನೆ ಮನೆ ನೋಡಲು ಬಂದ ಆಶಾ ಕಾರ್ಯಕರ್ತೆ ಮಾತಿಲ್ಲದೆ ನಾಲ್ಕನ್ನೂ ಕವುಚಿ ಹೋದರು. ಈಗ ಕಾಲಿಗೆ ಬೇವಿನೆಣ್ಣೆ ಅದ್ದಿದ ಬಟ್ಟೆ ಸುತ್ತುತ್ತೇನೆ.

ಗೆರಟೆ, ಕೊಟ್ಟೆ, ಹಾಳೆ

ಹತ್ತಿಪ್ಪತ್ತು ಬುಡ ತರಕಾರಿ ಬೆಳೆಸುವ ಮನೆಗೆ ಟ್ರೇಯೂ ಬೇಕೆಂದಿಲ್ಲ. ಗೆರಟೆಯಲ್ಲಿ ಕಣ್ಣಿರುವ ಅರ್ಧವನ್ನು ಆರಿಸಿ. ಮೂರು ಕಣ್ಣಿನಲ್ಲಿ ಒಂದು ಮೆದು, ಮೊಳೆ ಒತ್ತಿದರೆ ತೂತಾಗುತ್ತದೆ, ನೀರು ಬಸಿದು ಹೋಗುತ್ತದೆ. ಕಣ್ಣಿಲ್ಲದ ಅರ್ಧದಲ್ಲಿ ಬೀಜ ಹಾಕಿದರೆ ಎರಡೇ ಮಳೆಗೆ ಅದು ಬಟ್ಟಲು ಕೆರೆ. ಗೆರಟೆಯ ಒಂದೇ ಒಂದು ತೊಂದರೆ ಎಂದರೆ ಸಪಾಟಾಗಿ ಕೂರುವುದಿಲ್ಲ. ಹೊಯಿಗೆ (ಮರಳು) ತುಂಬಿದ ಹಳೇ ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಹುಗಿದಿಟ್ಟರೆ ಅದೂ ಸರಿ. ಹಾಗಲ, ಚೀನಿಕಾಯಿ (ಸಿಹಿಗುಂಬಳ), ಸೌತೆಯಂಥ ದಪ್ಪ ಬೀಜಗಳಿಗೆ ಇದಕ್ಕಿಂತ ಒಳ್ಳೆಯ ಕುಂಡ ನಾನು ಕಂಡಿಲ್ಲ.

ಅದಕ್ಕೂ ಒಂದು ಹೆಜ್ಜೆ ಮುಂದೆ ನಮ್ಮತ್ತೆಯ ಕ್ರಮ: ಕಡುಬು ಮಾಡುವ ಕೊಟ್ಟೆಯ ಹಾಗೇ ನಾಲ್ಕು ಹಲಸಿನೆಲೆಯನ್ನು ಹಿಡಿಸೂಡಿ ಕಡ್ಡಿಯಲ್ಲಿ ಚುಚ್ಚಿ ಜೋಡಿಸಿ, ಸುಡುಮಣ್ಣು ಮತ್ತು ಹಟ್ಟಿಗೊಬ್ಬರ ತುಂಬಿ ಬೀಜ ಹಾಕುವುದು. ಬಳ್ಳಿ ತರಕಾರಿಗಳಿಗೆ ಬೇರು ಅಲುಗಿದರೆ ಆಗುವುದಿಲ್ಲ. ಹನ್ನೆರಡು ಹದಿನೈದು ದಿನಕ್ಕೆ ಕೊಟ್ಟೆ ಸಮೇತ ಗುಂಡಿಗೆ ಇಳಿಸಿದರೆ ಎಲೆ ತಾನಾಗಿ ಕರಗುತ್ತದೆ. ಹದಿನೈದು ದಿನ ದಾಟಿದರೆ ಮಾತ್ರ ಕೊಟ್ಟೆ ಕೈಯಲ್ಲೇ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಮೆಣಸು, ಬದನೆಯಂಥ ನಿಧಾನದ ಸಸಿಗೆ ಇದು ಹೇಳಿದ್ದಲ್ಲ. ಅಡಿಕೆ ಹಾಳೆಯ ಬಟ್ಟಲು ಮೂರು ವಾರ ತಡೆಯುತ್ತದೆ, ಆದರೆ ಮಳೆಗಾಲದಲ್ಲಿ ಬೇಗ ಬಿಳಿ ಬೂಸ್ಟು ಹಿಡಿಯುತ್ತದೆ. ನನಗೆ ಅಷ್ಟು ಹಿಡಿಸಲಿಲ್ಲ.

ದಪ್ಪ ಬೀಜಗಳನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಹಟ್ಟಿಯ ಬೆಚ್ಚನೆಯ ಮೂಲೆಯಲ್ಲಿ ಇಟ್ಟು, ಮೊಳಕೆಯ ಬಿಳಿ ತುದಿ ಕಂಡ ಮೇಲೆ ಗೆರಟೆಗೆ ಹಾಕುವುದು ಒಳ್ಳೆಯದು. ಹುಸಿ ಬೀಜಗಳು ಅಲ್ಲೇ ಗೊತ್ತಾಗಿ ಜಾಗ, ಗೊಬ್ಬರ ಎರಡೂ ಉಳಿಯುತ್ತದೆ. ಹಾಗಲದ ಸಿಪ್ಪೆ ಗಟ್ಟಿ, ಚೂಪು ತುದಿಯನ್ನು ಉಗುರುಕತ್ತರಿಯಿಂದ ಚೂರೇ ಚಿವುಟಿದರೆ ನಾಲ್ಕು ದಿನ ಮುಂಚೆ ಏಳುತ್ತದೆ.

ಮಡಿ

ಒಂದು ಮೀಟರ್ ಅಗಲ, ಗೇಣೆತ್ತರದ ಮಡಿ ಮಾಡಿ, ಸುಡುಮಣ್ಣು ಬೆರೆಸಿ, ಗೆರೆ ಎಳೆದು ಬೀಜ ಹಾಕಿ, ಸೋಗೆ ಮುಚ್ಚುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಹರಿವೆಗೆ ಇಂದಿಗೂ ಇದೇ ಸರಿ. ಹರಿವೆ ಬೀಜವನ್ನು ಇರುವೆ ಹೊತ್ತೊಯ್ಯುತ್ತದೆ. ಒಂದು ಮುಷ್ಟಿ ರವೆ ಬೆರೆಸಿ ಬಿತ್ತಿದರೆ ಇರುವೆ ರವೆ ಒಯ್ಯುತ್ತದೆ, ಬೀಜ ಉಳಿಯುತ್ತದೆ. ಬದನೆ, ಟೊಮೆಟೊಗೆ ನಮ್ಮ ಮುರಮಣ್ಣಿನ ಮಡಿ ನಾನು ಬಿಟ್ಟಿದ್ದೇನೆ. ಈ ಹುಳಿ ಮಣ್ಣಿನಲ್ಲಿ ಸೊರಗು ರೋಗದ ಬ್ಯಾಕ್ಟೀರಿಯಾ ಕಾಯುತ್ತಿರುತ್ತದೆ, ಸಸಿಯಲ್ಲೇ ಅಂಟಿಕೊಂಡು ಹೂ ಬಿಡುವ ಹೊತ್ತಿಗೆ ಗಿಡವನ್ನು ಒಂದೇ ದಿನದಲ್ಲಿ ಹಸಿರು ಹಸಿರಾಗಿಯೇ ಬಾಡಿಸುತ್ತದೆ. ಟ್ರೇಯಲ್ಲಿ ಮಾಡಿದರೆ ಸಸಿಯ ಹಂತದಲ್ಲಿ ಅದರಿಂದ ತಪ್ಪಿಸಿಕೊಳ್ಳಬಹುದು. ಆದರೆ ಮುಂದೆ ನೆಡುವುದು ಅದೇ ಮಣ್ಣಿಗಾದ್ದರಿಂದ ತಳಿಯೂ ತಡೆಯುವಂಥದ್ದೇ ಬೇಕು. ಕೇರಳ ಕೃಷಿ ವಿಶ್ವವಿದ್ಯಾಲಯದ ಬದನೆಯಲ್ಲಿ ಸೂರ್ಯ, ಹರಿತಾ. ಮೆಣಸಿನಲ್ಲಿ ಉಜ್ವಲ, ಅನುಗ್ರಹ. ಟೊಮೆಟೊದಲ್ಲಿ ಶಕ್ತಿ, ಮುಕ್ತಿ, ಅನಘ ಈ ರೋಗವನ್ನು ತಡೆದುಕೊಳ್ಳುತ್ತವೆ. ತಳಿ ತಪ್ಪಿದರೆ ಎಷ್ಟು ದುಬಾರಿ ಪೆಟ್ಟಿಗೆಯೂ ಕೈ ಹಿಡಿಯುವುದಿಲ್ಲ.

ಬೀಜದ ಪೊಟ್ಟಣದ ಬಗ್ಗೆ ಒಂದು ಮಾತು, ಗಡಿನಾಡಿನವರಿಗೆ ಮಾತ್ರ. ಕೇರಳ ಕೃಷಿ ಇಲಾಖೆಯ ಕೃಷಿಭವನದ ಪೊಟ್ಟಣದ ಮೇಲೆ ಹೆಚ್ಚಾಗಿ ಮಲಯಾಳವೇ ಇರುತ್ತದೆ. 'ಕುಂಬಳಂ' ನಮ್ಮ ಬೂದುಕುಂಬಳ, 'ಮತ್ತನ್' ಚೀನಿಕಾಯಿ, 'ವೆಳ್ಳರಿ' ಸಾಂಬಾರಿನ ಸೌತೆ, 'ಕಕ್ಕಿರಿ' ಮುಳ್ಳುಸೌತೆ, 'ಪಯರ್' ಅಲಸಂಡೆ, 'ವೆಂಡ' ಬೆಂಡೆ. ಒಮ್ಮೆ ಮುಳ್ಳುಸೌತೆ ಎಂದು ಚಪ್ಪರ ಕಟ್ಟಿ ಕಾದದ್ದಕ್ಕೆ ವೆಳ್ಳರಿ ಬಂತು. ಕೋಸಂಬರಿಗೆ ಆಗಲಿಲ್ಲ, ಹುಳಿಗೆ ಆಯಿತು.

ಸೂರು: ನಿಜವಾದ ಖರ್ಚು ಇಲ್ಲಿರಲಿ

ಪೆಟ್ಟಿಗೆಗೆ ಸುರಿಯುವ ಹಣವನ್ನು ಇಲ್ಲಿ ಹಾಕಿ. ನವೆಂಬರಿನಿಂದ ಮೇ ತನಕ 50 ಶೇಕಡಾ ನೆರಳಿನ ಹಸಿರು ಬಲೆ ಸಾಕು. ಸಸಿ ನಾಲ್ಕೆಲೆ ಆದ ಮೇಲೆ ಬೆಳಗಿನ ಎಳೆಬಿಸಿಲಿಗೆ ಒಂದು ಗಂಟೆ, ಮರುದಿನ ಎರಡು ಗಂಟೆ ಎಂದು ಹೊರಗಿಟ್ಟು ಪಳಗಿಸಬೇಕು. ಬಲೆಯಡಿಯಿಂದ ನೇರ ಗದ್ದೆಗಿಳಿಸಿದರೆ ಎಲೆ ಬಿಳಿಚಿ ಸುಡುತ್ತದೆ.

ಪತ್ತನಾಜೆ (ಮೇ ಕೊನೆಯ ವಾರ) ಕಳೆದ ಮೇಲೆ ಲೆಕ್ಕ ತಲೆಕೆಳಗು. ವರ್ಷಕ್ಕೆ 3,000 ಮಿ.ಮೀ. ಮೀರುವ ಮಳೆಯಲ್ಲಿ ಬಹುಪಾಲು ಜೂನ್–ಸೆಪ್ಟೆಂಬರಿನಲ್ಲೇ ಸುರಿಯುವ ಜಿಲ್ಲೆ ನಮ್ಮದು. ಹಸಿರು ಬಲೆ ಮಳೆಯನ್ನು ತಡೆಯುವುದಿಲ್ಲ. ಅದರ ಮೇಲೆ ಸೇರಿದ ಹನಿ ಇನ್ನೂ ದಪ್ಪವಾಗಿ ಸಸಿಯ ಮೇಲೆ ಬೀಳುತ್ತದೆ, ಗುಳಿಯ ಹುಡಿಯೆಲ್ಲ ಹಾರಿ ಹೋಗುತ್ತದೆ. ಮೋಡದಿಂದ ಮೊದಲೇ ಕಡಿಮೆಯಾದ ಬೆಳಕನ್ನು ಬಲೆ ಮತ್ತೆ ಅರ್ಧ ಮಾಡುತ್ತದೆ. ಆಗ ಬೇಕಾದ್ದು ಬೆಳಕು ಬಿಡುವ, ಮಳೆ ಬಿಡದ ಸೂರು: 200 ಮೈಕ್ರಾನಿನ ಯುವಿ ಪ್ಲಾಸ್ಟಿಕ್ ಹಾಳೆ, ನಾಲ್ಕು ಬದಿಯೂ ಗಾಳಿಗೆ ತೆರೆದಿರಬೇಕು. ಕೃಷಿಭವನದವರು 'ಮಳಮರ' ಎನ್ನುವುದು ಇದನ್ನೇ.

ಹೊಸತು ಕಟ್ಟುವ ಮೊದಲು ನಿಮ್ಮ ಅಂಗಳವನ್ನೊಮ್ಮೆ ನೋಡಿ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆ ಇದೆಯೇ? ನಮ್ಮ ಕಡೆ ಬಾಯಿಮಾತಿನಲ್ಲಿ 'ಸೋಲಾರು' ಎನ್ನುವ ಅದು ಮೇ ಕೊನೆಗೆ ಖಾಲಿಯಾಗಿ, ಅಡಿಕೆ ಕೊಯ್ಲಿನ ತನಕ ಬರೇ ತೊಟ್ಟೆ, ಗೋಣಿ, ಸೈಕಲ್ ಇಡುವ ಜಾಗ. ಅದೇ ನಿಮ್ಮ ಮಳೆಗಾಲದ ಸಸಿಮನೆ. ಎರಡು ತುದಿಯ ಬಾಗಿಲು ಕಳಚಿ ಇಡಿ, ಬದಿಯ ಹಾಳೆಯನ್ನು ಮೊಣಕಾಲೆತ್ತರ ಸುತ್ತಿ ಮೇಲೆ ಕಟ್ಟಿ. ಇಲ್ಲದಿದ್ದರೆ ಮಳೆ ಬಿಟ್ಟು ಎರಡು ಗಂಟೆ ಬಿಸಿಲು ಬಂದರೂ ನನ್ನ ಕನ್ನಡಕದ ಕಥೆಯೇ ಅಲ್ಲೂ ನಡೆಯುತ್ತದೆ. ಸೆಪ್ಟೆಂಬರಿನ ಕೊನೆಗೆ ಕ್ಯಾಬೇಜು, ಹೂಕೋಸಿನ ಬೀಜ ಹಾಕಿ, ಅಕ್ಟೋಬರ್ ಕೊನೆಯಲ್ಲಿ ನೆಡುವವರಿಗಂತೂ ಇದಕ್ಕಿಂತ ಹದವಾದ ಜಾಗ ಇಲ್ಲ.

ನೀರು ಬೆಳಿಗ್ಗೆ ಮಾತ್ರ, ಸಣ್ಣ ತೂತಿನ ಝಾರಿಯಲ್ಲಿ. ಸಂಜೆ ಎಲೆ ಒಣಗಿರಬೇಕು. ಸೂರಿನಡಿ ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆ ಸಾಕಾಗಬಹುದು; ಟ್ರೇ ಎತ್ತಿ ನೋಡಿ, ಹಗುರವೆನಿಸಿದರೆ ಹಾಕಿ.

ಹಾಗಾದರೆ ಯಾರು ಏನು ಕೊಳ್ಳಬೇಕು?

ಕುಂಬಳೆಯಲ್ಲೋ ಕಾಸರಗೋಡು ಪೇಟೆಯಲ್ಲೋ ತಾರಸಿಯ ಮೇಲೆ ಹತ್ತು ಗ್ರೋಬ್ಯಾಗ್ ಇಟ್ಟವರಿಗೆ ಒಂದು ಪ್ರೋಟ್ರೇ, ಒಂದು ಚಿಕ್ಕ ಕೋಕೋಪೀಟ್ ಇಟ್ಟಿಗೆ ಸಾಕು. ಟ್ರೇಯನ್ನು ಗುಳಿಯ ಸಾಲು ನೋಡಿ ಕತ್ತರಿಯಲ್ಲಿ ಮೂರು ತುಂಡು ಮಾಡಿದರೆ ಒಂದೊಂದಕ್ಕೆ ಒಂದೊಂದು ತರಕಾರಿ. ತೋಟದ ಮನೆಯವರಿಗೆ ಬಳ್ಳಿಗೆ ಗೆರಟೆ, ಗಿಡಕ್ಕೆ ಟ್ರೇ, ಮಳೆಗೆ ಸೋಲಾರು. ಸಸಿ ಮಾಡಿ ನೆರೆಕರೆಗೆ ಮಾರುವ ಯೋಚನೆ ಇದ್ದವರು ಮಾತ್ರ ಹೊಸ ಮಳಮರಕ್ಕೆ ಕೈ ಹಾಕಲಿ. ಬೆಂಡೆ, ಅಲಸಂಡೆಗೆ ಇದು ಯಾವುದೂ ಬೇಡ, ನೇರ ನೆಲಕ್ಕೆ ಹಾಕಿ. ಬಸಳೆ, ತೊಂಡೆಗೆ ಬೀಜದ ಗೊಡವೆಯೇ ಇಲ್ಲ, ಪಕ್ಕದ ಮನೆಯ ಬಳ್ಳಿಯಿಂದ ಒಂದು ತುಂಡು ಕೇಳಿ.

ಬೆಳೆ ಮುಗಿದ ಮೇಲೆ ಟ್ರೇ, ಗೆರಟೆ ಎರಡನ್ನೂ ಸೋಪಿನ ನೀರಲ್ಲಿ ಉಜ್ಜಿ, ಎರಡು ದಿನ ಬಿಸಿಲಿಗೆ ಕವುಚಿ ಹಾಕಿ. ಬುಡ ಕೊಳೆತ ಟ್ರೇಯ ಹಳೇ ಹುಡಿಯನ್ನು ಮತ್ತೆ ಬೀಜಕ್ಕೆ ಬಳಸದೆ ಬಾಳೆಯ ಬುಡಕ್ಕೆ ಹಾಕಿ. ಟ್ರೇಗಳನ್ನು ಅಟ್ಟಕ್ಕೆ ಏರಿಸುವ ಮೊದಲು ಎಣಿಸಿ ಬರೆದಿಡಿ. ನನ್ನ ಹನ್ನೆರಡರಲ್ಲಿ ಈಗ ಏಳಿವೆ, ಉಳಿದ ಐದು ಯಾವ ಯಾವ ಮನೆಯ ಜಗಲಿಯಲ್ಲಿವೆ ಎಂದು ನನಗೂ ಗೊತ್ತು, ಅವರಿಗೂ ಗೊತ್ತು.